ತುಂಡಿಲ್ಲದ ಮೀನು

ಆ ಮನೆಯಲ್ಲಿ ಮೀನಿನ ತುಂಡುಗಳೆಲ್ಲ ಗಂಡಸರ ತಟ್ಟೆಗೆ ಹೋಗುತ್ತಿದ್ದವು. ಹೆಂಗಸರಿಗೆ ಉಳಿಯುತ್ತಿದ್ದುದು ಸಾರು, ಮುಳ್ಳು ಮತ್ತು ಪಾತ್ರೆ ತೊಳೆಯುವ ಹಕ್ಕು. ದುಡಿದು ಬಂದವರಿಗೆ ಮೊದಲು ಎಂಬುದು ಅತ್ತೆ ಪಾಲಿಸಿಕೊಂಡು ಬಂದ ನ್ಯಾಯ. ಸೊಸೆಯೂ ಪುಸ್ತಕದ ಬೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುತ್ತಾಳೆಂಬುದು ಆ ನ್ಯಾಯದ ಕಣ್ಣಿಗೆ ಬಿದ್ದಿರಲಿಲ್ಲ. ತನಗಾಗಿ ಅವಳು ಎಂದೂ ಬಾಯಿ ತೆರೆದವಳಲ್ಲ. ಆದರೆ ಆ ದಿನ ಮಗಳು ಶಾಲೆಯಲ್ಲಿ ತಲೆಸುತ್ತಿ ಬಿದ್ದಿದ್ದಳು. ರಕ್ತ ಕಡಿಮೆಯಿದೆ, ಮೀನು, ಮೊಟ್ಟೆ, ತರಕಾರಿ ಹೊಟ್ಟೆಗೆ ಬೀಳಲೇಬೇಕು ಎಂದರು ಡಾಕ್ಟರು. ಮಗುವಿನ ರಕ್ತ ಹೀರುವ ಪದ್ಧತಿಗೆ ನ್ಯಾಯ ಎಂಬ ಹೆಸರು ಸಲ್ಲದು.

ಸಂಜೆ ಅಗ್ಗಕ್ಕೆ ಸಿಕ್ಕ ಸಣ್ಣ ಮೀನುಗಳನ್ನು ಬೇಯಿಸಿ, ಮುಳ್ಳು ಬಿಡಿಸಿ, ಅವಳು ಬೆರಳಿನಿಂದ ಪುಡಿಮಾಡತೊಡಗಿದಳು.

"ಏನೇ ಇದು? ಒಂದು ತುಂಡೂ ಉಳೀಲಿಲ್ವಲ್ಲ!" ಅತ್ತೆ ಗಾಬರಿಯಾದರು.

"ಉಳೀಬಾರ್ದು ಅಂತಾನೇ ಅತ್ತೆ."

ಸಣ್ಣಗೆ ಹೆಚ್ಚಿದ ಈರುಳ್ಳಿ, ಎಲೆಕೋಸು, ಕ್ಯಾರೆಟ್ ಬಾಣಲೆಯಲ್ಲಿ ಬಾಡಿದವು. ಮೀನು ಸೇರಿತು. ಉಪ್ಪು, ಮೆಣಸಿನಪುಡಿ ಹಾಕಿ ಕಲಕಿದ ಮೊಟ್ಟೆ ಎಲ್ಲದರ ಮೇಲೆ ಹರಡಿ, ಮುಚ್ಚಳದಡಿ ದಪ್ಪ ರೊಟ್ಟಿಯಂತೆ ಗಟ್ಟಿಯಾಯಿತು. ಕಾಗದದ ಅಂಚನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸುವ ಕೈ ಅದನ್ನು ಐದು ಸಮಪಾಲು ಮಾಡಿ ಬಡಿಸಿತು.

"ಮೀನೆಲ್ಲಿ? ಈಜ್ಕೊಂಡು ಹೋಯ್ತಾ?" ಗಂಡ ನಕ್ಕ.

"ಎಲ್ಲರ ತಟ್ಟೇಲೂ ಇದೆ. ಸಾಧ್ಯವಾದ್ರೆ ಹೆಕ್ಕಿ ನೋಡಿ."

ಮಾವ ತಟ್ಟೆಯನ್ನು ಆಚೆ ತಳ್ಳಿದರು. "ಈ ಕಲಸುಮೇಲೋಗರ ನಂಗೆ ಬೇಡ."

"ಆಗ್ಲಿ ಮಾವ." ಅವಳು ಆ ತಟ್ಟೆಯನ್ನು ಮಗಳ ಮುಂದೆ ಸರಿಸಿದಳು. "ಪುಟ್ಟಿ, ತಾತಂಗೆ ಹಸಿವಿಲ್ವಂತೆ. ಇದನ್ನೂ ನೀನೇ ತಿನ್ನು."

"ಹಸಿವಿಲ್ಲ ಅಂದೋರ್ಯಾರು?" ತಟ್ಟೆ ಸರಕ್ಕನೆ ಹಿಂದಕ್ಕೆ ಹೋಯಿತು.

ಮಗಳು ತಲೆಯೆತ್ತದೆ ತಿನ್ನುತ್ತಿದ್ದಳು. ಅಷ್ಟರಲ್ಲಿ ಅತ್ತೆ ಹಳೆಯ ರೂಢಿಯಂತೆ ತಮ್ಮ ಪಾಲಿನ ಅರ್ಧ ಮುರಿದು ಮಗನ ತಟ್ಟೆಯತ್ತ ಚಾಚಿದರು. ಸೊಸೆಯ ಕೈ ಅಡ್ಡ ಬಂತು.

"ಅದು ನಿಮ್ದು. ಕೂತ್ಕೊಳ್ಳಿ."

"ಪಾಪ, ದಿನವೆಲ್ಲ ಬಸ್ ಓಡ್ಸಿ ಬಂದಿದಾನಲ್ಲೇ..."

"ನೀವು ಇಷ್ಟು ವರ್ಷ ಒಲೆ ಮುಂದೆ ಏನು ಗಾಳಿ ಸೇವಿಸ್ತಿದ್ರಾ?"

ಗಂಡ ತಲೆ ತಗ್ಗಿಸಿ ತಾಯಿಗೆ ಸ್ಟೂಲು ಎಳೆದುಕೊಟ್ಟ. ಅತ್ತೆ ಕುಳಿತರು, ಒಂದು ತುತ್ತು ಬಾಯಿಗಿಟ್ಟು, ಮುಳ್ಳಿಗಾಗಿ ನಾಲಿಗೆಯಲ್ಲಿ ತಡಕಾಡಿದರು. ಮುಳ್ಳು ಸಿಗಲಿಲ್ಲ.

"ನಾಳೆಯಿಂದ ಮೀನು ತುಂಡಾಗೇ ಇರ್ಲಿ," ಎಂದರು ಮಾವ.

"ಇರಲ್ಲ," ಎಂದರು ಅತ್ತೆ, ತುಂಬಿದ ಬಾಯಲ್ಲೇ.