ಮೈಲ್ಸ್‌ನ ಉತ್ತರ

ಇಸಬೆಲ್ ಕೋಸಿನ ಗಿಡಗಳನ್ನು ಬೇರುಸಮೇತ ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ಇನ್ನೂ ಬಲಿಯದ ಕೋಸು. ಅವಳು ತೆರವು ಮಾಡಿದಷ್ಟು ನೆಲವನ್ನು ಹಿಂದಿನಿಂದ ಇಬ್ಬರು ಅಗೆಯುತ್ತ ಬರುತ್ತಿದ್ದರು. ಒಳಗೆ ಹಲಗೆಯ ಮೇಲೆ ಗಂಡ ಮೈಲ್ಸ್ ಉಣ್ಣೆಬಟ್ಟೆ ಸುತ್ತಿಸಿಕೊಂಡು ಮಲಗಿದ್ದ. ಇಗರ್ಜಿಯ ಅಂಗಳಕ್ಕೆ ಮಾತ್ರ ಒಯ್ಯಬೇಡ ಎಂದು ಹೇಳಿ ಸತ್ತಿದ್ದ. ಇಗರ್ಜಿಯನ್ನೂ ಪಾದ್ರಿಯನ್ನೂ ಬಿಟ್ಟು ಕ್ವೇಕರರಾದ ಮೇಲೆ ಹಿತ್ತಲೇ ಸ್ಮಶಾನ.

ಬೇಲಿಯಾಚೆ ಮೈದುನ ಆಂಬ್ರೋಸ್ ನಿಂತಿದ್ದ. ಇಗರ್ಜಿಯ ಉಸ್ತುವಾರಿ ಅವನದು.

"ಅಣ್ಣನನ್ನ ಕೋಸಿನ ಪಾತೀಲಿ ಹೂಳ್ತೀರಾ ಅತ್ತಿಗೆ? ಅಪ್ಪ ಅಮ್ಮ ಇರೋದು ಅಲ್ಲಿ."

"ನಿನ್ನ ಇಗರ್ಜಿಯವರು ಮಗನ ಭುಜ ಮುರಿದದ್ದನ್ನ ನೋಡೋ ಮೊದಲೇ ಅವರಿಬ್ಬರೂ ಹೋದರು. ಪುಣ್ಯವಂತರು."

ಆಂಬ್ರೋಸ್ ಬೇಲಿ ಬಿಟ್ಟು ಕದಲಲಿಲ್ಲ.

*

ಮೈಲ್ಸ್ ಗುಡ್ಡದ ಮೇಲೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಗೋಡೆ ಕಟ್ಟುತ್ತಿದ್ದವನು. ನಾಲ್ಕು ಜನರೆದುರು ಬಾಯಿ ಬಿಟ್ಟದ್ದು ಜೀವಮಾನದಲ್ಲಿ ಒಮ್ಮೆ. ಕಳೆದ ವರ್ಷ ಒಂದು ಭಾನುವಾರ, ಪಾದ್ರಿ ವಿದರ್ಸ್ ಪ್ರವಚನ ಮುಗಿಸಿದ ಮೇಲೆ, ಟೋಪಿ ತೆಗೆಯದೆ ಎದ್ದು ನಿಂತ.

"ದೇವರೆಂಬ ಬೆಂಕಿಯ ವಿಷಯ ಬಹಳ ಓದಿದ್ದೀಯ. ಒಂದು ದಿನವಾದರೂ ಕೈ ಕಾಯಿಸಿಕೊಂಡಿದ್ದೀಯಾ?"

ಪಾದ್ರಿಗೆ ನೀನು ಎಂದದ್ದಕ್ಕೆ ಮೊದಲ ಏಟು ಬಿತ್ತು, ಪ್ರಶ್ನೆಗೆ ಉಳಿದವು. ಹೊರಗೆ ಗೋರಿಕಲ್ಲುಗಳ ನಡುವೆ ಎಳೆದಾಡಿದರು. ಆಂಬ್ರೋಸ್ ಬಾಗಿಲು ಹಿಡಿದುಕೊಂಡು ನಿಂತಿದ್ದ. ಹಾಗಾದರೆ ನಿನ್ನ ನಂಬಿಕೆ ಯಾವುದು ಹೇಳು ಎಂದು ಪಾದ್ರಿ ಕೂಗಿದ. ಬಾಯಲ್ಲಿ ರಕ್ತ ತುಂಬಿದವನು ಏನು ಹೇಳಿಯಾನು?

ಮನೆಗೆ ಬಂದು, ಮಲಗಿದಲ್ಲಿಂದ ಉತ್ತರ ಹೇಳಿದ. ಇಸಬೆಲ್ ಕಾಗದದಲ್ಲಿ ಬರೆದುಕೊಂಡಳು. ಪಾದ್ರಿಗೆ ಕಳಿಸಿದರೆ ಈ ಸಲ ಜೈಲೇ ಎಂದು ಅವಳಿಗೆ ಗೊತ್ತಿತ್ತು. ಚಳಿ ಕಳೆಯಲಿ ಅಂದಳು. ಕುರಿಗಳು ಮರಿ ಹಾಕಲಿ ಅಂದಳು. ಹುಲ್ಲು ಕೊಯ್ಲು ಮುಗಿಯಲಿ ಅಂದಳು. ಮೈಲ್ಸ್ ಒತ್ತಾಯ ಮಾಡಲಿಲ್ಲ. ಮುರಿದು ಕೂಡಿದ ಭುಜದಲ್ಲೇ ಕಲ್ಲು ಹೊತ್ತು ಹೊತ್ತು ಸೊರಗಿಹೋದ.

*

ಶವವನ್ನು ಗುಂಡಿಗೆ ಇಳಿಸಿ ಕ್ವೇಕರರೆಲ್ಲ ಸುಮ್ಮನೆ ನಿಂತರು. ಮಂತ್ರವಿಲ್ಲ, ಹಾಡಿಲ್ಲ. ಒಳಗಿನಿಂದ ದೇವರೇ ನುಡಿಸಿದರೆ ಮಾತು, ಇಲ್ಲದಿದ್ದರೆ ಮೌನ. ಅವರ ಪದ್ಧತಿಯೇ ಹಾಗೆ. ಆಗ ಪಾದ್ರಿ ವಿದರ್ಸ್ ಊರಿನ ಒಂದಷ್ಟು ಜನರನ್ನು ಕಟ್ಟಿಕೊಂಡು ಬೇಲಿಯ ಹತ್ತಿರ ಬಂದ. ಸಾಯುವಾಗ ಇವನಿಗೆ ಕ್ರಿಸ್ತನಲ್ಲಿ ನಂಬಿಕೆ ಇತ್ತೇ ಎಂದು ಕೇಳಿದ. ಯಾರೂ ಮಾತಾಡಲಿಲ್ಲ. ಮತ್ತೆ ಕೇಳಿದ.

ಇಸಬೆಲ್ ತನ್ನೊಳಗೆ ಹುಡುಕಿದಳು. ಅಲ್ಲಿ ಸಿಕ್ಕಿದ್ದು ಸಿಟ್ಟು ಮಾತ್ರ. ಸಿಟ್ಟು ದೇವರ ದನಿಯಲ್ಲ ಎಂದು ಕಲಿತಿದ್ದಳು. ಪಕ್ಕದಲ್ಲಿದ್ದ ಹಿರಿಯಳು ಡಾರ್ಕಸ್ ಅವಳ ತೋಳು ಒತ್ತಿದಳು. ಇಸಬೆಲ್ ತುಟಿ ಕಚ್ಚಿಕೊಂಡಳು.

"ಉತ್ತರವೇ ಇಲ್ಲ ನೋಡಿ," ಪಾದ್ರಿ ಜನರ ಕಡೆ ತಿರುಗಿದ. "ನಂಬಿಕೆಯಿಲ್ಲದೆ ದನದ ಹಾಗೆ ಸತ್ತ. ಭಾನುವಾರ ಪೀಠದ ಮೇಲಿಂದ ಇದನ್ನೇ ಹೇಳ್ತೀನಿ. ಇವನ ಹೆಂಡತಿಯೇ ಸಾಕ್ಷಿ."

ಅವರು ಓಣಿಗೆ ಇಳಿದರು. ಇಸಬೆಲ್ ಡಾರ್ಕಸಳ ಕೈ ಕೊಡವಿದಳು.

"ಸುಮ್ಮನಿದ್ದು ಅವನನ್ನ ಇನ್ನೊಂದು ಸಲ ಸಾಯಿಸಿದ್ವಿ."

ಕೋಪ ಇಳಿಯಲಿ, ಆಮೇಲೆ ಮಾತಾಡುವೆಯಂತೆ ಎಂದಳು ಡಾರ್ಕಸ್. ಇಳಿಯುವ ತನಕ ಕಾಯುವುದಿಲ್ಲ ಎಂದು ಇಸಬೆಲ್ ಒಳಗೆ ಹೋದಳು. ಕಾಗದ ತೆಗೆದು, ಗಂಡನ ಮಾತುಗಳ ಕೆಳಗೆ ತನ್ನ ಹೆಸರು ಬರೆದು, ಶಾಯಿ ಆರುವ ಮೊದಲೇ ಬೇಲಿಯ ಹತ್ತಿರ ಬಂದು ಚಾಚಿದಳು.

"ಅವತ್ತು ಬಾಗಿಲು ಹಿಡಿದಿದ್ದೆಯಲ್ಲ ಆಂಬ್ರೋಸ್. ಇವತ್ತು ಇದನ್ನ ಹಿಡಿ. ಜನ ಇನ್ನೂ ಜೊತೆಗಿರುವಾಗಲೇ ಪಾದ್ರಿ ಕೈಗೆ ಕೊಡು."

ಆಂಬ್ರೋಸ್ ಕೊನೆಯ ಸಾಲು ನೋಡಿದ. "ನಿಮ್ಮನ್ನ ಹಿಡಿದು ಒಳಗೆ ಹಾಕ್ತಾರೆ ಅತ್ತಿಗೆ."

"ಹುಡುಕೋ ಕಷ್ಟ ಬೇಡ ಅಂತಲೇ ಹೆಸರು ದಪ್ಪಗೆ ಬರೆದಿದ್ದೀನಿ."

ಅವನು ಹಿತ್ತಲ ಕಡೆ ಒಮ್ಮೆ ನೋಡಿ ಓಣಿಗೆ ಇಳಿದ. ಇಸಬೆಲ್ ಬೇಲಿಯ ಮೇಲಿಂದ ನೋಡುತ್ತಿದ್ದಳು. ಅವನು ಕರೆದದ್ದು ಇಲ್ಲಿಗೂ ಕೇಳಿಸಿತು. ಜನ ತಿರುಗಿ ನಿಂತು ದಾರಿ ಬಿಟ್ಟರು. ಆಂಬ್ರೋಸ್ ಕಾಗದ ಚಾಚಿದ. ಪಾದ್ರಿ ಎರಡೂ ಕೈಗಳನ್ನು ಅಂಗಿಯ ತೋಳುಗಳೊಳಗೆ ಸೇರಿಸಿಕೊಂಡ. ಆಂಬ್ರೋಸ್ ಚಾಚಿದ ಕೈಯನ್ನು ಇಳಿಸಲಿಲ್ಲ.