ಯಾವ ಅಳಿಯ

ಮಳೆ ಹಿಂದೆ ಸರಿದು ನೆಲ ಗಟ್ಟಿಯಾಗತೊಡಗಿತ್ತು. ವರ್ಷದ ಮೊದಲ ಗೂಡು ತುಂಬುವ ಕೆಲಸ ನಡೆದಿತ್ತು. ತಳದಲ್ಲಿ ಸೌದೆ, ಅದರ ಮೇಲೊಂದು ವರಸೆ ಸುಣ್ಣದ ಕಲ್ಲು, ಮತ್ತೆ ಇದ್ದಿಲು, ಮತ್ತೆ ಕಲ್ಲು. ನಡುವೆ ಬೆಂಕಿ ಉಸಿರಾಡುವಷ್ಟು ಸಂದು ಬಿಡಬೇಕು. ಸಂದು ಹೆಚ್ಚಾದರೆ ಉರಿ ಒಂದೇ ಕಡೆ ನುಗ್ಗುತ್ತದೆ. ಕಡಿಮೆಯಾದರೆ ಕಲ್ಲು ಮೇಲೆ ಬೆಂದು ಹೊಟ್ಟೆಯೊಳಗೆ ಹಸಿಯಾಗೇ ಉಳಿಯುತ್ತದೆ. ಈ ಕೆಲಸವನ್ನು ಸುಣ್ಣದಣ್ಣ ಯಾರ ಕೈಗೂ ಬಿಡುವವನಲ್ಲ. ಗೂಡಿನೊಳಗೆ ತಲೆಮಟ್ಟ ಇಳಿದು ನಿಂತು, ಹೆಂಡತಿ ಮೇಲಿನಿಂದ ಕೊಡುವ ಒಂದೊಂದು ಕಲ್ಲನ್ನೂ ಹೊರಳಿಸಿ ನೋಡಿ, ಅದರ ಮುಖ ಯಾವ ಕಡೆಗಿರಬೇಕೆಂದು ಯೋಚಿಸಿ ಇಡುತ್ತಿದ್ದ.

"ಹೆಣ್ಣು ನೋಡೋ ಹಾಗೆ ನೋಡ್ತೀರಲ್ಲ," ಎಂದಳು ಹೆಂಡತಿ. "ನನ್ನನ್ನ ನೋಡೋಕೆ ಬಂದಾಗ ಇಷ್ಟು ಹೊತ್ತು ನೋಡಿರಲಿಲ್ಲ."

"ನೋಡಿದ್ರೆ ಎದ್ದು ಹೋಗ್ತಿದ್ದೆ. ಕೊಡು, ಕೊಡು."

ಅವಳು ಕಲ್ಲು ಕೊಡಲಿಲ್ಲ. ದಾರಿಯ ಕಡೆ ನೋಡುತ್ತಿದ್ದಳು. ಸುಣ್ಣದಣ್ಣ ಹಿಮ್ಮಡಿ ಎತ್ತಿ ಗೂಡಿನ ಅಂಚಿನಿಂದ ಇಣುಕಿದ. ಒಬ್ಬ ಹೆಂಗಸು, ಹೆಗಲಿಗೊಂದು ಬಟ್ಟೆಯ ಚೀಲ. ಬಂದವಳು ನೇರ ಮನೆಯ ಕಡೆ ಬರದೆ ಗಡಿಕಲ್ಲಿನ ಹತ್ತಿರ ಬಗ್ಗಿ, ಅದರ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ ತಲೆಯೆತ್ತಿ ಕಲ್ಲಿನ ಗುಂಡಿ, ಗೂಡು, ಮನೆ, ಹಿಂದಿನ ಇಳಿಜಾರು ಎಲ್ಲದರ ಮೇಲೂ ಒಂದು ಸುತ್ತು ಕಣ್ಣಾಡಿಸಿದಳು. ಹೀಗೆ ನೋಡುವವರು ಒಂದೋ ಕೊಳ್ಳಲು ಬಂದಿರುತ್ತಾರೆ, ಇಲ್ಲವೇ ಕಿತ್ತುಕೊಳ್ಳಲು. ಮಾರುವ ಮಾತನ್ನು ಸುಣ್ಣದಣ್ಣ ಯಾರ ಹತ್ತಿರವೂ ಆಡಿರಲಿಲ್ಲ.

"ಅಣ್ಣಾ, ಇದು ಹಡಗಿನಜ್ಜನ ಮನೆ ತಾನೆ?" ಎಂದು ಕೇಳುತ್ತ ಅವಳು ಹತ್ತಿರ ಬಂದಳು.

ಆ ಹೆಸರನ್ನು ಹೊರಗಿನವರ ಬಾಯಲ್ಲಿ ಕೇಳಿ ಅವನಿಗೆ ಒಂಥರಾ ಆಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಾಗ ಕಡಲಾಚೆಯಿಂದ ಹಡಗಿನಲ್ಲಿ ಬಂದು, ಈ ಗುಡ್ಡದಲ್ಲಿ ಸುಣ್ಣದ ಕಲ್ಲು ಕಂಡು, ಮೊದಲ ಗೂಡು ಕಟ್ಟಿದವನು ಹಡಗಿನಜ್ಜ. ಮನೆಯವರಷ್ಟೇ ಅವನನ್ನು ಹಾಗೆ ಕರೆಯುತ್ತಿದ್ದರು.

"ಹೌದು. ನೀವು?"

"ನಾನು ಬಟ್ಟೆ ಹೊಲಿಯೋಳು. ಹೊಳೆ ಕೆಳಗಿನ ಊರು. ಹಡಗಿನಜ್ಜನ ಮಗಳು ನನ್ನ ಅಜ್ಜಿಯ ಅಜ್ಜಿ. ಹಾಗಾಗಿ ನಾವು ನೆಂಟರು."

ಹೆಂಡತಿ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. "ಅದು ಹೇಗೆ? ಅವರಿಗಿದ್ದದ್ದೇ ಒಬ್ಬಳು ಮಗಳು. ಆ ಮಗಳೇ ಇವರ ಮುತ್ತಜ್ಜಿ. ಅವಳ ಗಂಡ, ಅಂದ್ರೆ ಹಡಗಿನಜ್ಜನ ಅಳಿಯ, ಇವರ ಮುತ್ತಜ್ಜ. ಒಬ್ಬಳನ್ನೇ ಎರಡು ಮನೆಗೆ ಹಂಚೋಕಾಗುತ್ತಾ?"

"ಅದನ್ನೇ ಕೇಳ್ಕೊಂಡು ಹೋಗೋಣ ಅಂತ ಬಂದೆ ಅಕ್ಕ," ಎಂದಳು ಬಂದವಳು. ಅವಳ ಬೆರಳ ತುದಿಗಳು ಸೂಜಿ ತಾಗಿ ತಾಗಿ ಒರಟಾಗಿದ್ದವು. ಚೀಲದಲ್ಲಿ ಕಾಗದಗಳು ಸದ್ದು ಮಾಡಿದವು. "ಭಾನುವಾರ ಪೂಜೆ ಆದ್ಮೇಲೆ ಚರ್ಚಿನ ಹಳೆ ಪುಸ್ತಕ ತೋರಿಸ್ತೀನಿ ಅಂದಿದ್ದಾರೆ ಪಾದ್ರಿಗಳು. ನೀವೂ ಬಂದ್ರೆ ಒಳ್ಳೇದು."

ಅವಳು ನೀರು ಕುಡಿದು, ಲೋಟವನ್ನು ತೊಳೆದಿಟ್ಟು ಹೋದಳು. ಲೋಟ ತೊಳೆದಿಟ್ಟದ್ದೂ ಸುಣ್ಣದಣ್ಣನಿಗೆ ಸರಿಬರಲಿಲ್ಲ. ಕೆಲಸ ಸಾಧಿಸಲು ಬಂದವರೇ ಇಷ್ಟು ವಿನಯ ತೋರಿಸುವುದು.

ಅವನ ಹೆದರಿಕೆಗೆ ಕಾರಣವಿತ್ತು. ಈ ಜಾಗಕ್ಕೆ ಹಳೆಯ ಪತ್ರವೆಂಬುದೇ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಸರ್ಕಾರ ಅಳತೆ ಮಾಡಿಸಿ ಎಲ್ಲರ ಜಮೀನನ್ನೂ ಅವರವರ ಹೆಸರಿಗೆ ಬರೆದಾಗ, ಕಚೇರಿಯ ಗುಮಾಸ್ತ ಕೇಳಿದ್ದ: "ನಿಮಗೆ ಹೇಗೆ ಬಂತು?" ಸುಣ್ಣದಣ್ಣ ತನ್ನ ಅಪ್ಪ ಹೇಳುತ್ತಿದ್ದುದನ್ನೇ ಹೇಳಿದ್ದ: ಜಾಗ ಹಡಗಿನಜ್ಜನದು, ಅವನ ಮಗಳನ್ನು ಮದುವೆಯಾದ ಅಳಿಯ ನಮ್ಮ ಮುತ್ತಜ್ಜ, ಮಗಳಿಂದ ನಮಗೆ ಬಂತು. ಹಾಗೆಂದು ಪ್ರಮಾಣ ಮಾಡಿ ಸಹಿಯನ್ನೂ ಹಾಕಿದ್ದ. ಆಗ ಅದು ಸುಳ್ಳಿರಬಹುದು ಎಂಬ ಯೋಚನೆ ಅವನ ಹತ್ತಿರವೂ ಸುಳಿದಿರಲಿಲ್ಲ. ಈಗ ಗೂಡು ತುಂಬುವಾಗ ಪ್ರತಿ ಕಲ್ಲಿಗೂ ಒಮ್ಮೆ ಸುಳಿಯತೊಡಗಿತು. ಹಡಗಿನಜ್ಜನ ಮಗಳು ಆ ಹೆಂಗಸಿನ ಮನೆತನದವಳಾದರೆ ಜಾಗವೂ ಅವಳ ಹಿಂದೆ ಹೊರಡದೇ ಇರುತ್ತದೆಯೇ?

ಮರುದಿನ ಅಂಗಡಿಯವನು ಬೀಡಿ ಕಟ್ಟು ಕೊಡುತ್ತ ಹೇಳಿದ, "ನಿಮ್ಮ ನೆಂಟರು ಬಂದಿದ್ರಲ್ಲ. ಆ ಕಲ್ಲಿನ ಗುಂಡಿ ಯಾರ ಹೆಸರಲ್ಲಿದೆ ಅಂತ ಕೇಳಿದ್ರು."

"ನೀನೇನಂದೆ?"

"ಸುಣ್ಣದಣ್ಣನ ಹೆಸರಲ್ಲಿ ಅಂದೆ. ಮತ್ತೇನನ್ನಲಿ, ನನ್ನ ಹೆಸರಲ್ಲಿದೆ ಅನ್ನಲಾ?"

ಶನಿವಾರ ಸುಣ್ಣದಣ್ಣ ಎರಡು ಡಬ್ಬಿ ಅರಳಿದ ಸುಣ್ಣ ಹೊತ್ತು ಚರ್ಚಿಗೆ ಹೋದ. ಚರ್ಚಿನ ಗೋಡೆಗೆ ಸುಣ್ಣ ಕೊಡುವುದು ಅವನ ಮನೆಯ ಹಳೆಯ ರೂಢಿ. ಆದರೆ ಅದಕ್ಕೆ ಇನ್ನೂ ತಿಂಗಳಿತ್ತು. ಪಾದ್ರಿಗಳು ಅಂಗಳದಲ್ಲಿ ಕುಳಿತು ಹರಿದ ಚಪ್ಪಲಿಯ ಪಟ್ಟಿಗೆ ದಾರ ಪೋಣಿಸುತ್ತಿದ್ದರು. ವಯಸ್ಸಾದವರು, ಯಾರು ಬೇಗ ಬಂದರೂ ಯಾಕೆ ಬೇಗ ಬಂದರೆಂದು ಅವರಿಗೆ ಗೊತ್ತಾಗುತ್ತಿತ್ತು.

"ಡಬ್ಬಿ ಅಲ್ಲಿಡು. ಈಗ ವಿಷಯ ಹೇಳು."

"ವಿಷಯ ಏನಿಲ್ಲ ಫಾದರ್." ಸುಣ್ಣದಣ್ಣ ಕೈಯ ಬಿಳಿ ಪುಡಿಯನ್ನು ಪಂಚೆಗೆ ಒರೆಸಿದ. "ಆ ಹಳೆ ಪುಸ್ತಕಕ್ಕೆ ಗೆದ್ದಲು ಹತ್ತಿದೆ ಅಂತ ಯಾರೋ ಅಂದ್ರು."

"ಹತ್ತಿಲ್ಲ."

"ಹತ್ತಿದ್ರೂ ಯಾರೂ ನಿಮ್ಮನ್ನ ಏನೂ ಅನ್ನಲ್ಲ. ಹಳೇ ಕಾಗದ."

ಪಾದ್ರಿಗಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದರು. "ಆ ಕಪಾಟಿನ ಹಿಂದಿನ ಗೋಡೆಗೆ ಯಾರ ಸುಣ್ಣ ಹೊಡೆದಿರೋದು? ನಿಂದು. ಅಲ್ಲಿ ಗೆದ್ದಲು ಹತ್ತಿದೆ ಅಂದ್ರೆ ನಾಳೆಯಿಂದ ನಿನ್ನ ಸುಣ್ಣ ಯಾರು ಕೊಳ್ತಾರೆ? ಬಾ ನಾಳೆ. ಬರೆದಿರೋದನ್ನ ಓದ್ತೀನಿ, ಇಲ್ಲದ್ದನ್ನ ಓದಲ್ಲ."

ದಾರಿಯುದ್ದಕ್ಕೂ ಅವನು ಈಗ ಪಾದ್ರಿಗಳನ್ನೂ ಅನುಮಾನಿಸುತ್ತ ಬಂದ. ಅವಳು ಚರ್ಚಿಗೆ ಏನಾದರೂ ಕೊಟ್ಟಿರಬಹುದೆ? ಬಲಿಪೀಠದ ಮೇಲಿನ ಬಟ್ಟೆ ಹೊಸದಾಗಿ ಕಂಡಂತಿತ್ತು. ಹೊಲಿಯುವವಳು ತಾನೆ.

ಭಾನುವಾರ ಜನ ಚದುರಿದ ಮೇಲೆ ಗಂಡ ಹೆಂಡತಿ, ಹೊಲಿಯುವವಳು, ಪಾದ್ರಿಗಳು ನಾಲ್ವರೂ ಪಕ್ಕದ ಕೋಣೆಯ ಮೇಜಿನ ಸುತ್ತ ಕುಳಿತರು. ಪುಸ್ತಕದ ರಟ್ಟು ಬಿಟ್ಟುಕೊಂಡಿತ್ತು, ಆದರೆ ಶಾಯಿ ಹಾಗೇ ಇತ್ತು. ಆ ಕಾಲದ ಪಾದ್ರಿಯ ಅಕ್ಷರ ದಪ್ಪ ದಪ್ಪ. ಈಗಿನ ಪಾದ್ರಿಗಳು ಬೆರಳಿಟ್ಟು ಓದಿದರು:

"ಈ ದಿನ ಹಡಗಿನಿಂದಿಳಿದು ನಮ್ಮ ಸಭೆಗೆ ಸೇರಿದವರು. ಸುಣ್ಣ ಸುಡುವವನು ಒಬ್ಬ, ಹೆಂಡತಿ ಕಡಲಲ್ಲಿ ತೀರಿಕೊಂಡಳು. ಅವನ ಮಗಳು. ಅವನ ಅಳಿಯ."

ಸುಣ್ಣದಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತ. "ನೋಡಿದ್ರಾ. ಮಗಳು, ಅಳಿಯ. ಗಂಡ ಹೆಂಡತಿ. ನಾನೇನು ಕತೆ ಕಟ್ಟಿದೀನಾ?"

"ಅಳಿಯ ಸರಿ ಅಣ್ಣ," ಎಂದಳು ಹೊಲಿಯುವವಳು. "ಯಾವ ಅಳಿಯ?"

"ಯಾವ ಅಳಿಯ ಅಂದ್ರೆ?"

"ಮಗಳ ಗಂಡನೂ ಅಳಿಯ. ತಂಗಿಯ ಮಗನೂ ಅಳಿಯ."

ಹುಟ್ಟಿದಾಗಿನಿಂದ ಸಾವಿರ ಸಲ ಆಡಿದ ಮಾತು ಅದು. ಸುಣ್ಣದಣ್ಣನ ಸ್ವಂತ ತಂಗಿಯ ಮಕ್ಕಳು ಅವನನ್ನು ಮಾವ ಎನ್ನುತ್ತಿದ್ದರು, ಅವನು ಅವರನ್ನು ಅಳಿಯಂದಿರು ಎನ್ನುತ್ತಿದ್ದ. ಆದರೂ ಮನೆಯ ಕತೆಯೊಳಗಿನ ಅಳಿಯ ಎಂದರೆ ಮಗಳ ಗಂಡನೇ ಎಂದು ಅಪ್ಪನೂ ನಂಬಿದ್ದ, ತಾನೂ ನಂಬಿದ್ದ. ಇನ್ನೊಂದು ಅರ್ಥ ಪಕ್ಕದಲ್ಲೇ ಕುಳಿತಿದ್ದರೂ ಯಾರೂ ತಿರುಗಿ ನೋಡಿರಲಿಲ್ಲ.

"ಹಡಗಿನಜ್ಜನ ಗೋರಿ ಕಲ್ಲಿದೆಯಲ್ಲ," ಎಂದ ಅವನು. "ಮಾವನಿಗೆ ಅಳಿಯ ನಿಲ್ಲಿಸಿದ ಕಲ್ಲು ಅಂತ ಕೆತ್ತಿದೆ."

"ಮಾವ ಅಂದ್ರೂ ಅದೇ ಪಾಡು," ಎಂದಳು ಹೆಂಡತಿ ಮೆಲ್ಲಗೆ. "ಈ ಮಾತುಗಳನ್ನ ಮಾಡಿದವನು ಮಹಾ ಜಿಪುಣ. ಒಂದೊಂದನ್ನೂ ಎರಡೆರಡು ಕೆಲಸಕ್ಕೆ ಹಚ್ಚಿದಾನೆ."

ಪಾದ್ರಿಗಳು ಹಾಳೆ ಮಗುಚುತ್ತ ಹೋದರು. ಮದುವೆಗಳ ಪುಟದಲ್ಲಿ ಬೆರಳು ನಿಂತಿತು. ಸುಣ್ಣದ ಗೂಡಿನ ಅಳಿಯನಿಗೂ ಇದೇ ಊರಿನ ಕುಂಬಾರನ ಮಗಳಿಗೂ ಮದುವೆ. ಸಾಕ್ಷಿ: ಹುಡುಗನ ಮಾವ.

ಹೊಲಿಯುವವಳು ಚೀಲದಿಂದ ಒಂದು ಕಾಗದ ತೆಗೆದು ಪಕ್ಕದಲ್ಲಿಟ್ಟಳು. ಹೊಳೆ ಕೆಳಗಿನ ಚರ್ಚಿನ ಪುಟದ ನಕಲು. ಹಡಗಿನಿಂದ ಬಂದ ಸುಣ್ಣ ಸುಡುವವನ ಮಗಳು, ದೋಣಿ ನಡೆಸುವವನ ಕೈ ಹಿಡಿದಳು, ತಂದೆ ಬರಲಿಲ್ಲ.

"ಅಪ್ಪ ಅವಳನ್ನ ಅಳಿಯನಿಗೇ ಕೊಡಬೇಕು ಅಂತಿದ್ದನಂತೆ," ಎಂದಳು. "ಜೊತೆಯಲ್ಲೇ ಬೆಳೆದವನು, ಒಲ್ಲೆ ಅಂದು ದೋಣಿ ಹತ್ತಿದಳಂತೆ. ನಮ್ಮನೇಲಿ ಹಾಗೆ ಹೇಳ್ತಾರೆ. ಆಗದೇ ಇದ್ದ ಮದುವೆಯನ್ನ ನಿಮ್ಮನೇಲಿ ಆಗಿದೆ ಅಂತ ಹೇಳ್ಕೊಂಡು ಬಂದ್ರು ಅಷ್ಟೇ."

ತನ್ನ ಮುತ್ತಜ್ಜಿ ಕುಂಬಾರನ ಮಗಳು ಎಂಬುದರಲ್ಲಿ ಸುಣ್ಣದಣ್ಣನಿಗೆ ಕುಂದೇನೂ ಕಾಣಲಿಲ್ಲ. ಆದರೆ ಕಚೇರಿಯ ಕಾಗದದ ಮೇಲಿದ್ದ ತನ್ನ ಸಹಿ ಅವನ ಕಣ್ಣ ಮುಂದೆ ಬಂತು.

"ಈಗ ನಿಮಗೆ ಏನು ಬೇಕು, ಅದನ್ನ ನೇರ ಹೇಳಿಬಿಡಿ," ಎಂದ. "ಸುತ್ತಿ ಬಳಸಿ ಬೇಡ. ಗಡಿಕಲ್ಲು ಕೆರೆದಿದ್ದು ನೋಡಿದೀನಿ. ಅಂಗಡೀಲಿ ಕೇಳಿದ್ದೂ ಗೊತ್ತು."

ಅವಳು ಮುಖ ಸಿಂಡರಿಸಲಿಲ್ಲ. "ಕಲ್ಲಿನ ಮೇಲೆ ಅಜ್ಜನ ಹೆಸರು ಇರಬಹುದು ಅಂತ ಕೆರೆದೆ. ಮನೆ ಇದೇನಾ ಅಂತ ತಿಳಿಯೋಕೆ ಅಂಗಡೀಲಿ ಕೇಳಿದೆ. ನನಗೆ ನಿಮ್ಮ ಗುಂಡಿ ಬೇಡ ಅಣ್ಣ. ಅಜ್ಜ ಬಿಟ್ಟು ಬಂದ ದೇಶದಲ್ಲಿ, ಹೋದವರ ಸಂತಾನ ಅಂತ ತೋರಿಸಿದ್ರೆ ಬಂದು ಇರೋಕೆ ಬಿಡ್ತಾರೆ. ನನ್ನ ಗಂಡ ಅಲ್ಲಿ ಹಡಗುಕಟ್ಟೆಯಲ್ಲಿದ್ದಾನೆ. ಹೋದವನಿಗೆ ಬರೋಕಾಗಿಲ್ಲ, ನನಗೆ ಹೋಗೋಕಾಗಿಲ್ಲ. ಅರ್ಜಿ ಹಾಕಿದೆ. ವಾಪಸ್ ಬಂತು."

"ಯಾಕೆ?"

"ಈ ಚರ್ಚಿಗೆ ನೂರು ತುಂಬಿದಾಗ ಪುಸ್ತಕ ಅಚ್ಚು ಹಾಕಿಸಿದ್ರಲ್ಲ, ಅದರಲ್ಲಿ ನಿಮ್ಮ ಅಪ್ಪ ಬರೆಸಿದಾರೆ, ಮಗಳನ್ನ ಅಳಿಯ ಮದುವೆ ಆದ, ಸಂತಾನ ಇಲ್ಲಿದೆ ಅಂತ. ಅಚ್ಚಾಗಿದ್ದನ್ನ ಅವರು ನಂಬ್ತಾರೆ. ಆ ಮನೆಯವರೇ ಅದು ತಪ್ಪು ಅಂತ ಒಂದು ಸಾಲು ಬರೆದುಕೊಟ್ರೆ ಸಾಕಂತೆ. ನಿಮ್ಮ ಸಹಿ, ಫಾದರ್ ಸಾಕ್ಷಿ."

ಒಂದು ಸಾಲು. ಸುಣ್ಣದಣ್ಣ ಅದನ್ನು ಮನಸ್ಸಿನಲ್ಲಿ ಹೊರಳಿಸಿ ನೋಡಿದ. ಆ ಸಾಲು ಕಡಲು ದಾಟಿ ಹೋದರೆ ಏನೂ ಇಲ್ಲ. ಆದರೆ ಇಲ್ಲಿಯೇ ಪಕ್ಕದ ಪೇಟೆಯ ಕಚೇರಿಗೆ ಹೋದರೆ? ಮಗಳು ನಮ್ಮವಳಲ್ಲ ಎಂದು ಅವನೇ ಬರೆದುಕೊಟ್ಟ ಕಾಗದ. ಗಂಡ ಹಡಗುಕಟ್ಟೆಯಲ್ಲಿದ್ದಾನೆ ಎಂದಳು, ಕಂಡವರು ಯಾರು? ನಿಜವೇ ಇದ್ದರೂ, ಅಲ್ಲಿಂದ ಮತ್ತೆ ಅರ್ಜಿ ವಾಪಸ್ ಬಂದ ದಿನ ಅವಳಿಗೆ ಈ ಗುಡ್ಡ ನೆನಪಾಗದೆ? ಇವತ್ತು ಬೇಡ ಎಂದವರು ನಾಳೆ ಬೇಕು ಎನ್ನಬಾರದೆಂದು ಯಾವ ಕಾನೂನೂ ಇಲ್ಲ.

ಹೆಂಡತಿ ಅವನ ಮೊಣಕೈ ಮುಟ್ಟಿದಳು. "ಬರೆದುಕೊಡಿ. ಪಾಪ, ಸಂಸಾರದ ವಿಷಯ."

"ನೀನು ಸುಮ್ನಿರು."

ಪಾದ್ರಿಗಳು ಬಿಳಿ ಹಾಳೆಯೊಂದನ್ನೂ ಪೆನ್ನನ್ನೂ ಅವನ ಮುಂದೆ ಸರಿಸಿದರು. ಬರೆಯುವುದಿಲ್ಲ ಎನ್ನಲು ಮೂವರ ಮುಖವೂ ಬಿಡಲಿಲ್ಲ. ಬರೆಯಲು ಕೈ ಬಿಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದ. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆದ:

"ಹಡಗಿನಲ್ಲಿ ಬಂದ ಸುಣ್ಣ ಸುಡುವವನ ಅಳಿಯನೇ ನನ್ನ ಮುತ್ತಜ್ಜ. ನಾವು ಆ ಅಳಿಯನ ಸಂತಾನ. ಇದು ಸತ್ಯ."

ಕೆಳಗೆ ಸಹಿ ಮಾಡಿದ. ಕಾಗದವನ್ನು ಅವಳ ಕಡೆಗೆ ತಿರುಗಿಸಿದ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಪಾದ್ರಿಗಳು ಕತ್ತು ಚಾಚಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸುಳ್ಳು ಒಂದಕ್ಷರ ಇದೆಯಾ?" ಎಂದ ಸುಣ್ಣದಣ್ಣ. ದನಿ ಸ್ವಲ್ಪ ಜೋರಾಗಿತ್ತು.

"ಇಲ್ಲ," ಎಂದಳು ಅವಳು. "ಅಳಿಯನ ಹಿಂದೆ ಸೋದರ ಅಂತ ಸೇರಿಸಿ ಅಣ್ಣ. ಸೋದರಳಿಯ. ಅಷ್ಟೇ ಸಾಕು."

"ನಮ್ಮ ಕಡೆ ಹಾಗೆಲ್ಲ ಬಿಡಿಸಿ ಹೇಳೋ ರೂಢಿ ಇಲ್ಲ. ಹಳೇ ಪಾದ್ರಿಗಳೇ ಬರೀ ಅಳಿಯ ಅಂತ ಬರೆದಿದಾರೆ. ಅವರಿಗಿಂತ ನಾನು ದೊಡ್ಡವನಾ?"

"ಇದನ್ನ ತಗೊಂಡು ಹೋದ್ರೆ ಅವರು ಮತ್ತೆ ಅದನ್ನೇ ಕೇಳ್ತಾರೆ. ಯಾವ ಅಳಿಯ ಅಂತ."

ಅವನು ಪೆನ್ನಿಗೆ ಮುಚ್ಚಳ ಹಾಕಿ ಪಾದ್ರಿಗಳ ಕಡೆ ಸರಿಸಿದ. ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಲ್ಲುವವರೆಗೂ ಅವಳು ಕಾದಳು. ಆಮೇಲೆ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ, ಹೊಲಿಯುವ ಬಟ್ಟೆ ಮಡಚಿದಂತೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಇರಲಿ. ಬರೆದಷ್ಟಕ್ಕೆ ಉಪಕಾರ ಆಯ್ತು," ಎಂದಳು. "ಉಳಿದ ಮೂರಕ್ಷರ ನಿಮ್ಮ ಹತ್ರ ಬಾಕಿ ಇದೆ ಅಂತ ಇಟ್ಕೋತೀನಿ. ಯಾವಾಗ ಕೊಡಬೇಕು ಅನ್ಸುತ್ತೋ ಆವಾಗ ಫಾದರ್ ಹತ್ರ ಬರೆದಿಡಿ. ನಾನು ಬಂದು ತಗೋತೀನಿ."

ಅವಳು ಬಾಗಿಲು ದಾಟಿದಳು. ಹೆಂಡತಿ ಎದ್ದು ಅವಳ ಹಿಂದೆ ಬಸ್ಸಿನವರೆಗೆ ಹೋದಳು, ಗಂಡನ ಕಡೆ ತಿರುಗಿಯೂ ನೋಡದೆ. ಸುಣ್ಣದಣ್ಣ ಕಿಟಕಿಯ ಬಳಿ ನಿಂತು, ಹೊಲಿಯುವವಳು ಎಡಕ್ಕೆ ಹೊಳೆಯ ಕಡೆಯ ಬಸ್ಸು ಹಿಡಿಯುತ್ತಾಳೋ, ಬಲಕ್ಕೆ ಕಚೇರಿಯಿರುವ ಪೇಟೆಯ ಬಸ್ಸು ಹಿಡಿಯುತ್ತಾಳೋ ಎಂದು ನೋಡಿದ. ಎಡಕ್ಕೇ ಹೋದಳು.

ಪಾದ್ರಿಗಳು ಪುಸ್ತಕವನ್ನು ಕಪಾಟಿನಲ್ಲಿಟ್ಟರು. ಪೆನ್ನನ್ನು ಮಾತ್ರ ಮೇಜಿನ ಮೇಲೆ, ಅವನ ಕೈಗೆ ಎಟುಕುವಲ್ಲೇ ಬಿಟ್ಟಿದ್ದರು.

"ನಾಳೆ ಗೂಡಿಗೆ ಬೆಂಕಿ ಕೊಡಬೇಕು ಫಾದರ್," ಎಂದು ಹೇಳಿ ಅವನು ಮನೆಯ ದಾರಿ ಹಿಡಿದ.