ಒಂದೇ ಅಳತೆಯ ಮುದ್ದೆ

ನಮ್ಮ ಅತ್ತೆ ಸಾಕಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಸರಿಹೋದರೆ ಮತ್ತೆ ನಾಟಿ ಕೆಲಸಕ್ಕೆ ಹೋಗಬೇಕು ಎಂಬುದೊಂದೇ ಅವರ ಆಸೆ. ಸಕ್ಕರೆ ಇಳಿಯದೆ ಆಪರೇಷನ್ ಇಲ್ಲವೆಂದು ತಿ. ನರಸೀಪುರದ ಡಾಕ್ಟರು ವಾಪಸ್ ಕಳಿಸಿದರು. ಲೋ ಕಾರ್ಬ್ ಊಟ ಕೊಡಿ ಎಂದರು. ಅದಕ್ಕೆ ಅರ್ಥ ಹೇಳಲು ನಮ್ಮೂರು ಹೆಡತಲೆಯಲ್ಲಿ ಜನಕ್ಕೇನು ಬರವೇ? ಅನ್ನ ಬಿಟ್ಟು ಮುದ್ದೆ ಉಣ್ಣಬೇಕಂತೆ ಎಂದರು ಎಲ್ಲರೂ. ಅತ್ತೆ ಅನ್ನ ಮುಟ್ಟಲಿಲ್ಲ. ಅದರ ಬದಲು ಇನ್ನೊಂದು ಮುದ್ದೆ ಉಂಡರು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇನ್ನೂ ಏರಿ ಕೂತಿತ್ತು.

ಆಸ್ಪತ್ರೆಯ ಸಿಸ್ಟರ್ ಹೇಮಲತಾ ನಕ್ಕರು. "ಲೋ ಕಾರ್ಬ್ ಅಂದ್ರೆ ಅನ್ನ ಒಂದೇ ಅಲ್ಲ ಕಣಮ್ಮ. ಮುದ್ದೆ, ಚಪಾತಿ, ಇಡ್ಲಿ ಎಲ್ಲಾನೂ ಕಮ್ಮಿ ಮಾಡ್ಬೇಕು. ಸೊಪ್ಪು, ಕಾಳು, ಮೊಟ್ಟೆ ಜಾಸ್ತಿ ಕೊಡಿ. ಮುದ್ದೆ ಮುಷ್ಟಿಯಷ್ಟಿದ್ರೆ ಸಾಕು."

ಹೇಳುವುದು ಸುಲಭ. ಸೊಸೆ ಅತ್ತೆಗೆ ಕಟ್ಟುವ ಮುದ್ದೆ ಚಿಕ್ಕದಾದರೆ ನಮ್ಮ ಕಡೆ ಊರೇ ಆಡಿಕೊಳ್ಳುತ್ತದೆ. ಅತ್ತೆ ಮುದ್ದೆಯನ್ನು ಕೈಯಲ್ಲಿ ಹಿಡಿದು ನೋಡಿ ತಟ್ಟೆ ತಳ್ಳಿದರು.

"ಕೆಲ್ಸಕ್ಕೋಗ್ದಿದ್ ಮೇಲೆ ನಂಗಿಷ್ಟೇನಾ? ನಿಂಗೆಷ್ಟ್ ಕಟ್ಕೊಂಡಿದ್ದೀಯೆ?"

ನಾನೂ ಹಟಮಾರಿಯೇ. ನನ್ನ ಮುದ್ದೆಯನ್ನು ಮುರಿದು ಅಷ್ಟೇ ಮಾಡಿ, ಅವರ ಕೈ ಹಿಡಿದು ನನ್ನ ತಟ್ಟೆಗೆ ಮುಟ್ಟಿಸಿದೆ. "ನಂಗೂ ಇಷ್ಟೇ ಅತ್ತೆ."

ಅವರು ತಟ್ಟೆ ಎಳೆದುಕೊಂಡು ಉಂಡರು. ಅಂದಿನಿಂದ ಮೊದಲು ನನ್ನ ತಟ್ಟೆ ತಡವುವುದು, ಆಮೇಲೆ ತಮ್ಮ ಮುದ್ದೆ ಮುರಿಯುವುದು. ನಾನು ತಪ್ಪಿಸಿಕೊಳ್ಳುವಂತಿರಲಿಲ್ಲ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಮಾಡುವ ಕೆಲಸ, ಹೊಟ್ಟೆ ಚುರುಗುಟ್ಟುತ್ತಿತ್ತು. ಕ್ಯಾಂಟೀನಿನ ಬನ್ನು ಕೈ ಹಿಡಿಯಿತು, ಸುಳ್ಳೇಕೆ ಹೇಳಲಿ.

ಅಂತೂ ಸಕ್ಕರೆ ಇಳಿದು ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದ ಮಧ್ಯಾಹ್ನ ಊಟಕ್ಕೆ ಕೂತೆವು. ಅತ್ತೆಯ ಕೈ ರೂಢಿಯಂತೆ ನನ್ನ ತಟ್ಟೆಯ ಕಡೆ ಬಂದು ನಡುವೆಯೇ ನಿಂತಿತು. ತಟ್ಟೆ ನೋಡಿದರು. ನನ್ನ ಮುಖ ನೋಡಿದರು.

"ಎಷ್ಟ್ ಸೊರಗೋಗಿದ್ದೀಯೇ ಕೋಮಲ! ನಿಂಗೂ ಸಕ್ರೆ ಕಾಯ್ಲೇನಾ?"

"ನಾನ್ ಜಾಸ್ತಿ ಉಂಡಿದ್ರೆ ನೀವ್ ಉಣ್ತಿರ್ಲಿಲ್ವಲ್ಲ ಅತ್ತೆ."

ಅವರು ಎದ್ದು ಒಳಗೆ ಹೋದರು. ಮಗನಿಗೆಂದು ಎತ್ತಿಟ್ಟಿದ್ದ ದೊಡ್ಡ ಮುದ್ದೆಯನ್ನು ತಂದು ನನ್ನ ತಟ್ಟೆಗಿಟ್ಟರು.

"ನಿಮ್ಮಗನ್ಗೆ?"

"ಅವನ್ಗೇನ್ ಕೈಯಿಲ್ವಾ? ಬಂದ್ ಮುದ್ದೆ ತೊಳಸ್ಕೊಳ್ಳಿ. ನಂಗೆ ಕಣ್ ಕೊಟ್ಟೋಳು ನೀನು ಕಣವ್ವಾ, ಉಣ್ಣು."

ತವರಿನಲ್ಲೂ ನನಗೆ ಅಷ್ಟು ದೊಡ್ಡ ಮುದ್ದೆ ಯಾರೂ ಇಕ್ಕಿರಲಿಲ್ಲ. ಅತ್ತೆ ತಮ್ಮ ಚಿಕ್ಕ ಮುದ್ದೆ ಮುರಿದುಕೊಂಡು ಸೊಪ್ಪಿನ ಸಾರಿನಲ್ಲಿ ಅದ್ದಿ ಉಂಡರು. ನನ್ನ ತಟ್ಟೆಯನ್ನು ಮತ್ತೆಂದೂ ತಡವಲಿಲ್ಲ.